ಕಬ್ಬಿಣದ ಸಾಕ್ಷಿ, ಕಾಗದದ ಸಾಕ್ಷಿ

ಲೇಪಾಕ್ಷಿಯ ವೀರಭದ್ರ ದೇವಾಲಯಕ್ಕೆ ಬರುವವರು ಮಂಟಪದ ಒಂದು ಕಂಬದ ಬಳಿ ತಪ್ಪದೆ ನಿಲ್ಲುತ್ತಾರೆ. ಆ ಕಂಬದ ಬುಡ ನೆಲಕ್ಕೆ ಪೂರ್ತಿ ತಾಗಿಲ್ಲ ಎಂಬ ಮಾತು ಎಲ್ಲರಿಗೂ ಗೊತ್ತು. ಗೊತ್ತಿದ್ದರೂ ಕೇಳಿದ ಮಾತಿಗೆ ತಲೆದೂಗಿ ಮುಂದೆ ನಡೆಯುವವರು ವಿರಳ. ಹೆಗಲ ಮೇಲಿನ ವಸ್ತ್ರವನ್ನೋ ಕರವಸ್ತ್ರವನ್ನೋ ಕಂಬದ ಕೆಳಗೆ ತೂರಿಸಿ, ಆಚೆ ಕಡೆಯಿಂದ ಎಳೆದು, ಆಮೇಲೆಯೇ ನಂಬುತ್ತಾರೆ. ನಂಬಿದರೂ ನಂಬದಿದ್ದರೂ ಅಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಅದೇ ಜನ ಗುಜರಿ ಅಂಗಡಿಯಲ್ಲಿ ವರ್ಷದ ಉಳಿತಾಯವನ್ನು ಕೈಯಲ್ಲಿ ಹಿಡಿದು ನಿಂತಾಗ ಈ ಎಚ್ಚರವನ್ನು ಮರೆತುಬಿಡುತ್ತಾರೆ. "ಅಣ್ಣಾ, ಇದು ಮಿಲಿಟರಿ ಗಾಡಿಯ ಮುಂದಿನ ಆಕ್ಸಲ್, ನಿಮ್ಮ ಜೀಪಿಗೆ ಸರಿಯಾಗಿ ಕೂರುತ್ತದೆ" ಎಂಬ ಒಂದು ಮಾತಿಗೆ ಹಣ ಕೈ ಬದಲಾಗುತ್ತದೆ. ಆ ಕಬ್ಬಿಣ ಯಾವ ವಾಹನದ್ದು, ಅದರ ಹಲ್ಲುಗಳೆಷ್ಟು, ಅದು ಎಲ್ಲಿಂದ ಬಂತು, ಅದನ್ನು ಜೋಡಿಸಲು ಕಾನೂನು ಒಪ್ಪುತ್ತದೆಯೇ ಎಂಬ ಪ್ರಶ್ನೆಗಳು ಏಳುವುದು ಜೀಪು ದಾರಿಯಲ್ಲಿ ನಿಂತ ಮೇಲೆ, ಇಲ್ಲವೇ ಅಧಿಕಾರಿಯೊಬ್ಬರು ಕೈ ಅಡ್ಡ ಹಿಡಿದ ಮೇಲೆ.

ವಿಷಯ ತಿಳಿಯಾಗಲೆಂದು ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಲೇಪಾಕ್ಷಿಯ ಆಸುಪಾಸಿನ ಹಳ್ಳಿ, ಕಡಲೆಕಾಯಿ ಬೆಳೆಯುವ ರೈತ, ಕನ್ನಡ ಮಾಧ್ಯಮದಲ್ಲಿ 10ನೇ ತರಗತಿ ಓದುತ್ತಿರುವ ಮಗಳು, ಐಟಿಐ ಮುಗಿಸಿದ ಮಗ. ಮನೆಯಲ್ಲಿ ತಾತನ ಕಾಲದ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಮಹೀಂದ್ರ ಜೀಪು. ಗೊಬ್ಬರದ ಮೂಟೆಯಿಂದ ಹಿಡಿದು ಮಕ್ಕಳ ಶಾಲೆಯವರೆಗೆ, ಆಸ್ಪತ್ರೆಯಿಂದ ಹಿಡಿದು ಗೌರಿಬಿದನೂರಿನ ನೆಂಟರ ಮನೆಯವರೆಗೆ ಎಲ್ಲ ಓಡಾಟವೂ ಅದರಲ್ಲೇ. ಹೊಳೆಯ ಮರಳಿನಲ್ಲಿ ಒಮ್ಮೆ ಸಿಕ್ಕಿಕೊಂಡಾಗ ಮುಂದಿನ ಆಕ್ಸಲ್ಲಿನ ಒಳಗೆ ಏನೋ ಮುರಿದ ಸದ್ದಾಯಿತು. ಹೊಸದು ಸಿಗದು. ಮಗನಿಗೋ, ಕೆಡುವ ವಸ್ತುವಿನ ಬದಲು ಟ್ರಕ್ಕಿನ ಗಟ್ಟಿ ಆಕ್ಸಲ್ಲನ್ನೇ ಹಾಕಿ, ದೊಡ್ಡ ಚಕ್ರ ಜೋಡಿಸಿ, ಗುಡ್ಡವನ್ನೇ ಹತ್ತಿಸುವ ಆಸೆ. ಇಂಥ ಮನೆ ಮಡಕಶಿರಾದಲ್ಲಿಯೂ ಇರಬಹುದು, ಕಲ್ಯಾಣದುರ್ಗದಲ್ಲಿಯೂ ಇರಬಹುದು.

ಈ ಕುಟುಂಬ ಮಾಡಬೇಕಾದ ಕೆಲಸ ಮೂರು. ಕಬ್ಬಿಣ ಹೇಳುವುದನ್ನು ಓದಬೇಕು. ಓದಿದ್ದನ್ನು ಕಾಗದದಲ್ಲಿ ಬರೆಸಿಕೊಳ್ಳಬೇಕು. ಜೋಡಿಸುವ ಮೊದಲು ಕಾನೂನನ್ನು ಕೇಳಬೇಕು. ಈ ಕ್ರಮ ತಪ್ಪಿದರೆ ಮೂರೂ ವ್ಯರ್ಥ.

ಆಕ್ಸಲ್ಲಿನ ಜಾತಿ

ಟ್ರಕ್ಕಿನ ಮುಂದಿನ ಆಕ್ಸಲ್ ಎಂದರೆ ಒಂದೇ ಬಗೆಯಲ್ಲ. ರಸ್ತೆಯ ಮೇಲೆ ಓಡುವ ಬಹುಪಾಲು ಸರಕು ಟ್ರಕ್ಕುಗಳಲ್ಲಿ ಎಂಜಿನ್ನಿನ ಎಳೆತ ಹೋಗುವುದು ಹಿಂದಿನ ಚಕ್ರಗಳಿಗೆ ಮಾತ್ರ. ಮುಂದಿನದು ಭಾರ ಹೊರುವ, ಚಕ್ರ ತಿರುಗಿಸಲು ನೆರವಾಗುವ ಒಂದು ಗಟ್ಟಿ ತೊಲೆ. ಅದರ ನಡುವೆ ಗುಂಡನೆಯ ಡಿಫರೆನ್ಷಿಯಲ್ ಇರುವುದಿಲ್ಲ, ಒಳಗೆ ತಿರುಗುವ ಶಾಫ್ಟೂ ಇರುವುದಿಲ್ಲ. ನಾಲ್ಕು ಚಕ್ರದ ಎಳೆತ ಬೇಕೆನ್ನುವ ಜೀಪಿಗೆ ಇದು ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ಎಳೆತವಿರುವ ಮುಂದಿನ ಆಕ್ಸಲ್ಲಿನಲ್ಲಿ ಮೂರು ಅಂಗಗಳು ಕಣ್ಣಿಗೆ ಬೀಳಬೇಕು. ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಗಾಲಿಗಳನ್ನು ಒಳಗೊಂಡ ಗುಂಡನೆಯ ಪೆಟ್ಟಿಗೆ ಮೊದಲನೆಯದು. ಅದರ ಎರಡು ಬದಿಗೆ ಚಾಚಿದ ಕೊಳವೆಗಳು ಎರಡನೆಯದು. ಕೊಳವೆಗಳ ತುದಿಯಲ್ಲಿ ಚಕ್ರವನ್ನು ಎಡಬಲಕ್ಕೆ ತಿರುಗಲು ಬಿಡುವ ನಕಲ್ ಮೂರನೆಯದು. ನಕಲ್ ಇಲ್ಲದಿದ್ದರೆ ಅದು ಹಿಂದಿನ ಆಕ್ಸಲ್. ಬಣ್ಣ ಬಳಿದು ಮುಂದಿನದೆಂದು ಮಾರಿದರೂ ಅದು ಹಿಂದಿನದೇ.

ಲೋಹದ ಮೇಲಿನ ಬರಹ

ಲೇಪಾಕ್ಷಿಯ ದೇವಾಲಯದಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ಅವುಗಳನ್ನು ಓದಿದವರಿಂದಲೇ ಆ ಗುಡಿಯ ಕಾಲ, ದಾನ, ದಾನಿಗಳ ವಿಷಯ ನಮಗೆ ತಿಳಿದದ್ದು. ಆಕ್ಸಲ್ಲಿನ ಮೇಲೂ ಬರಹವಿರುತ್ತದೆ. ದಶಕಗಳ ಗ್ರೀಸು, ಮಣ್ಣು, ತುಕ್ಕಿನ ಅಡಿಯಲ್ಲಿ ಅದು ಮುಚ್ಚಿಹೋಗಿರುತ್ತದೆ. ತಂತಿಯ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ, ಒಂದು ಟಾರ್ಚು ಇದ್ದರೆ ಓದಬಹುದು.

ಈ ಬರಹ ಮೂರು ಕಡೆ ಇರುವುದುಂಟು. ಎರಕ ಹೊಯ್ಯುವಾಗಲೇ ಉಬ್ಬಿ ಬಂದ ಅಕ್ಷರಗಳು ಡಿಫರೆನ್ಷಿಯಲ್ ಪೆಟ್ಟಿಗೆಯ ಮೇಲೆ ಇರುತ್ತವೆ. ಕೊಳವೆಯ ಮೇಲೆ ಉಳಿಯಿಂದ ಕುಟ್ಟಿದಂಥ ಅಂಕಿಗಳು ಇರಬಹುದು. ಪೆಟ್ಟಿಗೆಯ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ಸಣ್ಣ ತಗಡಿನ ಪಟ್ಟಿಯೂ ಇರಬಹುದು. ಅಮೆರಿಕದ ಡಾನಾ ಸಂಸ್ಥೆಯ ಸ್ಪೈಸರ್ ಆಕ್ಸಲ್ಲುಗಳಲ್ಲಿ ಈ ಮೂರೂ ಕಂಡುಬರುತ್ತವೆ. ಎರಕದಲ್ಲಿ 44 ಅಥವಾ 60 ಎಂಬ ಮಾದರಿ ಸಂಖ್ಯೆ, ಕೊಳವೆಯ ಮೇಲೆ ಆ ಆಕ್ಸಲ್ಲಿನ ಬಿಡಿಭಾಗಗಳ ಪಟ್ಟಿಯನ್ನು ಸೂಚಿಸುವ ಸಂಖ್ಯೆ, ತಗಡಿನ ಪಟ್ಟಿಯಲ್ಲಿ ಹಲ್ಲುಗಳ ಲೆಕ್ಕ. 44ರ ಕ್ರೌನ್ ಗಾಲಿಯ ವ್ಯಾಸ ಸುಮಾರು 8.5 ಅಂಗುಲ, 60ರದು 9.75 ಅಂಗುಲ. ಗುಡ್ಡಗಾಡಿನ ಓಟಕ್ಕೆ ವಾಹನ ಸಜ್ಜುಗೊಳಿಸುವ ಅಮೆರಿಕದ ಹವ್ಯಾಸಿಗಳು ಹಳೆಯ ಟ್ರಕ್ಕುಗಳ 60ನೇ ಮಾದರಿಯ ಮುಂದಿನ ಆಕ್ಸಲ್ಲಿಗಾಗಿ ಗುಜರಿಗಳನ್ನು ಜಾಲಾಡುವುದು ಈ ದೊಡ್ಡ ಗಾಲಿಯ ಬಲಕ್ಕಾಗಿಯೇ.

ನಮ್ಮ ಸೀಮೆಯ ಗುಜರಿಗಳಲ್ಲಿ ಎಳೆತವಿರುವ ಮುಂದಿನ ಆಕ್ಸಲ್ ಬರುವ ದಾರಿಗಳು ಬೇರೆ. ಒಂದು, ಹಳೆಯ ಜೀಪುಗಳು. ಎರಡನೆಯದು, ಸೇನೆ ಕೈಬಿಟ್ಟು ಹರಾಜು ಹಾಕಿದ ವಾಹನಗಳು. ಜಬಲ್ಪುರದ ವಾಹನ ಕಾರ್ಖಾನೆ 1969ರಲ್ಲಿ ಸ್ಥಾಪನೆಯಾಯಿತು. ಜರ್ಮನಿಯ ಮಾನ್ ಸಂಸ್ಥೆಯ ವಿನ್ಯಾಸದ ಶಕ್ತಿಮಾನ್ ಟ್ರಕ್ಕು, ಜಪಾನಿನ ನಿಸಾನ್ ಸಂಸ್ಥೆಯ ವಿನ್ಯಾಸದ ಒಂದು ಟನ್ ಟ್ರಕ್ಕು ಮತ್ತು ಜೋಂಗಾ ಜಬಲ್ಪುರದಿಂದ ಸೇನೆಗೆ ಹೋದ ವಾಹನಗಳು. ಇವೆಲ್ಲವೂ ಗುಜರಿಯ ಭಾಷೆಯಲ್ಲಿ "ಮಿಲಿಟರಿ ಗಾಡಿ"ಯೇ. ಆದರೆ ಹಲವು ಟನ್ ಹೊರುವ ಶಕ್ತಿಮಾನಿನ ಆಕ್ಸಲ್ಲಿಗೂ ಜೋಂಗಾದ ಆಕ್ಸಲ್ಲಿಗೂ ಗಾತ್ರ, ತೂಕ, ಅಗಲ ಯಾವುದರಲ್ಲಿಯೂ ಹೋಲಿಕೆಯಿಲ್ಲ. "ಮಿಲಿಟರಿ" ಎಂಬ ಶಬ್ದ ಆಕ್ಸಲ್ಲಿನ ಗುರುತಲ್ಲ, ಅದರ ಹಿಂದಿನ ಒಡೆಯನ ಗುರುತು ಮಾತ್ರ.

ಬರಹವೊಂದನ್ನೇ ನಂಬುವುದೂ ತಪ್ಪು. ತಗಡಿನ ಪಟ್ಟಿಯನ್ನು ಒಂದು ಆಕ್ಸಲ್ಲಿನಿಂದ ತೆಗೆದು ಇನ್ನೊಂದಕ್ಕೆ ಸಿಕ್ಕಿಸುವುದು ಎರಡು ನಿಮಿಷದ ಕೆಲಸ. ಪೆಟ್ಟಿಗೆ ಮೂಲದ್ದೇ ಇದ್ದರೂ ಒಳಗಿನ ಗಾಲಿಗಳನ್ನು ಯಾವುದೋ ಕಾಲದಲ್ಲಿ ಬದಲಿಸಿರಬಹುದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಉದಾಹರಣೆ ಇಲ್ಲಿ ಉಪಯುಕ್ತ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಅದರ ಮುಂದಿನ ಆಕ್ಸಲ್ಲಿನಲ್ಲಿ, ಚಕ್ರ ತಿರುಗಿದಾಗಲೂ ಎಳೆತ ಸಾಗಿಸುವ ಜಾಯಿಂಟು ರ್‍ಜೆಪ್ಪಾ, ಬೆಂಡಿಕ್ಸ್, ಟ್ರಾಕ್ಟಾ, ಸ್ಪೈಸರ್ ಎಂಬ ನಾಲ್ಕು ಬಗೆಯದಾಗಿತ್ತು. ಯುದ್ಧದ ಅವಸರದಲ್ಲಿ ಸಿಕ್ಕ ತಯಾರಕರಿಂದ ಸಿಕ್ಕದ್ದನ್ನು ಪಡೆದದ್ದರ ಫಲ ಇದು. ಒಂದಕ್ಕೆ ಬೇಕಾದ ಬಿಡಿಭಾಗ ಇನ್ನೊಂದಕ್ಕೆ ಬಾರದು. ಹೆಸರು ಸರಿಯಿದ್ದರೂ ವಸ್ತು ಬೇರೆಯಾಗಬಹುದು.

ನ್ಯಾಯಾಲಯದಲ್ಲಿ ಒಬ್ಬ ಸಾಕ್ಷಿ ನುಡಿದದ್ದನ್ನು ಇನ್ನೊಬ್ಬರ ಮಾತಿನೊಡನೆ ಹೋಲಿಸಿ ನೋಡುವಂತೆ, ಇಲ್ಲಿಯೂ ಬರಹದ ಮಾತನ್ನು ಅಳತೆಯ ಮಾತಿನೊಡನೆ ಹೋಲಿಸಬೇಕು.

10ನೇ ತರಗತಿಯ ಗಣಿತ

ಅಳತೆಗಳಲ್ಲಿ ಅತಿ ಮುಖ್ಯವಾದದ್ದು ಹಲ್ಲುಗಳ ಅನುಪಾತ. ಕ್ರೌನ್ ಗಾಲಿಯ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಅದು. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ 39ಕ್ಕೆ 8, ಎಂದರೆ 4.875. ಆಮೇಲೆ ಬಂದ, ಭಾರತದಲ್ಲಿ ಮಹೀಂದ್ರ ಸಂಸ್ಥೆ ದಶಕಗಳ ಕಾಲ ತಯಾರಿಸಿದ ಸಿಜೆ-3ಬಿ ಮಾದರಿಯಲ್ಲಿ 43ಕ್ಕೆ 8, ಎಂದರೆ 5.375. ನೋಡಲು ಎರಡೂ ಆಕ್ಸಲ್ಲುಗಳು ಅಣ್ಣತಮ್ಮಂದಿರಂತೆ.

ಪೆಟ್ಟಿಗೆ ಬಿಚ್ಚದೆಯೂ ಈ ಲೆಕ್ಕ ಸಿಗುತ್ತದೆ. ನೆಲದ ಮೇಲೆ ದಿಮ್ಮಿಗಳಿಟ್ಟು ಆಕ್ಸಲ್ಲನ್ನು ಕೂರಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಕೂಡುವ ಪಿನಿಯನ್ನಿನ ಮುಖಕ್ಕೆ ಸೀಮೆಸುಣ್ಣದ ಒಂದು ಗೆರೆ, ಒಂದು ಬದಿಯ ಬ್ರೇಕ್ ಡ್ರಮ್ಮಿಗೆ ಇನ್ನೊಂದು ಗೆರೆ ಎಳೆಯಬೇಕು. ಒಬ್ಬರು ಒಂದು ಬದಿಯ ಡ್ರಮ್ಮನ್ನು ಅಲುಗದಂತೆ ಹಿಡಿಯಬೇಕು. ಇನ್ನೊಬ್ಬರು ಮತ್ತೊಂದು ಬದಿಯ ಡ್ರಮ್ಮನ್ನು ಸರಿಯಾಗಿ 10 ಸುತ್ತು ತಿರುಗಿಸಬೇಕು. ಮೂರನೆಯವರು ಪಿನಿಯನ್ ಎಷ್ಟು ಸುತ್ತು ತಿರುಗಿತೆಂದು ಎಣಿಸಬೇಕು. ಒಂದು ಬದಿಯನ್ನು ಹಿಡಿದಾಗ ಡಿಫರೆನ್ಷಿಯಲ್ಲಿನೊಳಗಿನ ಕ್ರೌನ್ ಗಾಲಿ ಅರ್ಧದಷ್ಟು ಮಾತ್ರ ತಿರುಗುವುದರಿಂದ, 10 ಸುತ್ತು ಎಂದರೆ ಕ್ರೌನ್ ಗಾಲಿಯ 5 ಸುತ್ತು. ಬಂದ ಸಂಖ್ಯೆಯನ್ನು 5ರಿಂದ ಭಾಗಿಸಿದರೆ ಅನುಪಾತ ಸಿಕ್ಕಿತು. 5.375 ಆಗಿದ್ದರೆ ಪಿನಿಯನ್ ಸುಮಾರು 27 ಸುತ್ತು ತಿರುಗುತ್ತದೆ, 4.875 ಆಗಿದ್ದರೆ 24ನ್ನು ಸ್ವಲ್ಪ ದಾಟುತ್ತದೆ.

ಮನೆಯ ಜೀಪಿನ ಹಿಂದಿನ ಆಕ್ಸಲ್ಲಿಗೂ ಇದೇ ಪರೀಕ್ಷೆಯನ್ನು ಮೊದಲೇ ಮಾಡಿರಬೇಕು. ಚಕ್ರಗಳಿಗೆ ಕಲ್ಲು ಕೊಟ್ಟು, ಒಂದು ಹಿಂದಿನ ಚಕ್ರವನ್ನಷ್ಟೇ ಎತ್ತಿ ಭದ್ರವಾದ ಆಧಾರದ ಮೇಲೆ ನಿಲ್ಲಿಸಿ, ಗೇರನ್ನು ತಟಸ್ಥದಲ್ಲಿಟ್ಟು, ಎತ್ತಿದ ಚಕ್ರವನ್ನು 10 ಸುತ್ತು ತಿರುಗಿಸಿ ಪ್ರೊಪೆಲ್ಲರ್ ಶಾಫ್ಟಿನ ಸುತ್ತುಗಳನ್ನು ಎಣಿಸಿದರಾಯಿತು.

ನಮ್ಮ ಕಲ್ಪನೆಯ ಕುಟುಂಬಕ್ಕೆ ಹಿಂತಿರುಗೋಣ. ಮನೆಯಂಗಳದಲ್ಲಿ ಮಗಳು ಎಣಿಸಿ ನೋಟುಪುಸ್ತಕದಲ್ಲಿ 27 ಎಂದು ಬರೆದುಕೊಂಡಿದ್ದಾಳೆ. ಗುಜರಿಯಲ್ಲಿ ಎರಡು ಆಕ್ಸಲ್ಲುಗಳಿವೆ. ಒಂದು, ಅಣ್ಣನ ಕಣ್ಣು ಬಿದ್ದಿರುವ ದೈತ್ಯಾಕಾರದ ಟ್ರಕ್ಕಿನದು. ಇನ್ನೊಂದು, ಅಂಗಡಿಯವರು "ನಿಮ್ಮ ಜೀಪಿನದ್ದೇ" ಎನ್ನುತ್ತಿರುವುದು. ಅವಳು ಎರಡನೆಯದರ ಮುಂದೆ ಕುಳಿತು ಎಣಿಸುತ್ತಾಳೆ.

"ಅಪ್ಪಾ, ಹತ್ತು ಸುತ್ತಿಗೆ ಇಪ್ಪತ್ತನಾಲ್ಕೂ ಚಿಲ್ಲರೆಯಷ್ಟೇ ಆಗ್ತಿದೆ. ಮತ್ತೊಂದು ಸಲ ಎಣಿಸಲಾ?"

ಮತ್ತೊಂದು ಸಲವೂ ಅಷ್ಟೇ. ಜಾತಿ ಜೀಪಿನದೇ, ಹಲ್ಲುಗಳು ಬೇರೆ.

ಈ ವ್ಯತ್ಯಾಸ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರದ ಎಳೆತಕ್ಕೆ ಲಿವರ್ ಹಾಕಿದ ಕ್ಷಣ ಹಿಂದಿನ ಮತ್ತು ಮುಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಆಗ ಹಿಂದಿನ ಚಕ್ರಗಳು 100 ಸುತ್ತು ತಿರುಗುವಷ್ಟರಲ್ಲಿ ಮುಂದಿನವು 110 ಸುತ್ತು ತಿರುಗಬೇಕೆನ್ನುತ್ತವೆ. ಒಂದೇ ನೆಲದ ಮೇಲೆ ಒಂದೇ ದೂರ ಸಾಗುವ, ಒಂದೇ ಗಾತ್ರದ ಚಕ್ರಗಳಿಗೆ ಅದು ಸಾಧ್ಯವಿಲ್ಲ. ಮರಳಿನಲ್ಲಿ ಚಕ್ರ ಜಾರಿ ಜಗಳ ಸ್ವಲ್ಪ ಸಡಿಲವಾದೀತು. ಗಟ್ಟಿ ನೆಲದಲ್ಲಿ ಆ ಸೆಳೆತವೆಲ್ಲ ಶಾಫ್ಟು, ಜಾಯಿಂಟು, ಹಲ್ಲುಗಳ ಮೇಲೆ ಬೀಳುತ್ತದೆ. ಮುರಿಯುವುದು ಯಾವುದು ಮೊದಲು ಎಂಬುದಷ್ಟೇ ಉಳಿಯುವ ಪ್ರಶ್ನೆ.

ಉಳಿದ ಅಳತೆಗಳು ಇಷ್ಟು ಸೂಕ್ಷ್ಮವಲ್ಲ, ಆದರೆ ಬಿಡುವಂಥವೂ ಅಲ್ಲ. ಒಂದು ಡ್ರಮ್ಮಿನ ಮುಖದಿಂದ ಇನ್ನೊಂದರ ಮುಖಕ್ಕೆ ಇರುವ ಅಗಲ, ಕಮಾನು ಪಟ್ಟಿಗಳು ಕೂರುವ ಪೀಠಗಳ ನಡುವಿನ ದೂರ, ಚಕ್ರದ ಬೋಲ್ಟುಗಳ ಸಂಖ್ಯೆ ಮತ್ತು ಅವು ನಿಂತಿರುವ ವೃತ್ತದ ವ್ಯಾಸ ಇವನ್ನೆಲ್ಲ ಅಳೆಯಬೇಕು. ವಿಲ್ಲಿಸ್ ವಂಶದ ಜೀಪುಗಳಲ್ಲಿ 5 ಬೋಲ್ಟುಗಳು, ವೃತ್ತದ ವ್ಯಾಸ 5.5 ಅಂಗುಲ, ಎಂದರೆ 139.7 ಮಿಲಿಮೀಟರ್. ಡಿಫರೆನ್ಷಿಯಲ್ ಪೆಟ್ಟಿಗೆ ಯಾವ ಬದಿಗೆ ಸರಿದಿದೆ ಎಂಬುದನ್ನೂ ನೋಡಬೇಕು. ಯುದ್ಧಕಾಲದ ಜೀಪಿನಲ್ಲಿ ಅದು ಚಾಲಕನ ನೋಟದಿಂದ ಬಲಕ್ಕೆ ಸರಿದಿರುತ್ತದೆ, ಎಳೆತವನ್ನು ಹಂಚುವ ಟ್ರಾನ್ಸ್‌ಫರ್ ಕೇಸಿನ ಶಾಫ್ಟು ಆ ಬದಿಗೇ ಹೊರಬರುವುದರಿಂದ. ಎಡಕ್ಕೆ ಸರಿದ ಆಕ್ಸಲ್ ತಂದರೆ ಶಾಫ್ಟು ಓರೆಯಾಗಿ ಹಾಯಬೇಕಾಗುತ್ತದೆ, ಅದು ನಡೆಯದ ಮಾತು.

ಕೊನೆಯದು ಬಿರುಕಿನ ಪರೀಕ್ಷೆ. ನಕಲ್ ಮತ್ತು ಚಕ್ರ ಕೂರುವ ಸ್ಟಬ್ ಇವುಗಳಲ್ಲಿ ಕೂದಲೆಳೆಯ ಬಿರುಕಿದ್ದರೂ ತಿರುವಿನಲ್ಲಿ ಚಕ್ರವೇ ಕಳಚಬಹುದು. ಹಳೆಯ ಮೆಕ್ಯಾನಿಕ್ಕುಗಳ ವಿಧಾನ ಸರಳ. ಭಾಗವನ್ನು ತೊಳೆದು ಸೀಮೆಎಣ್ಣೆಯಲ್ಲಿ ನೆನೆಸಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ಬಳಿದು ಕಾಯುವುದು. ಬಿರುಕಿನೊಳಗೆ ಇಳಿದ ಎಣ್ಣೆ ಹೊರಗೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತದೆ. ಬಣ್ಣದ ದ್ರವ ಬಳಸಿ ಮಾಡುವ ಇಂದಿನ ಕಾರ್ಖಾನೆಯ ಪರೀಕ್ಷೆಯ ತತ್ವವೂ ಇದೇ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ವಾಹನಕ್ಕೆ ಈ ಒಂದು ಪರೀಕ್ಷೆಯ ಖರ್ಚನ್ನು ಉಳಿಸಬಾರದು.

ದೊಡ್ಡದು ಒಳ್ಳೆಯದೇ?

ಇನ್ನು ಆ ದೈತ್ಯ ಆಕ್ಸಲ್ಲಿನ ಮಾತು. ಅದು ಜೀಪಿನ ಆಚೀಚೆಗೆ ಚಾಚಿಕೊಳ್ಳುತ್ತದೆ. ಕಮಾನು ಪಟ್ಟಿಯ ಪೀಠಗಳನ್ನು ಕತ್ತರಿಸಿ ಬೇರೆಡೆ ಬೆಸೆಯಬೇಕಾಗುತ್ತದೆ. ಬೆಸೆಯುವಾಗ ನಕಲ್ಲಿನ ಓರೆ ಕೋನ ಸ್ವಲ್ಪ ತಪ್ಪಿದರೂ ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಅನೇಕ ಭಾರೀ ಟ್ರಕ್ಕುಗಳ ಬ್ರೇಕು ಗಾಳಿಯ ಒತ್ತಡದಿಂದ ನಡೆಯುತ್ತದೆ, ಜೀಪಿನದು ಎಣ್ಣೆಯ ಒತ್ತಡದಿಂದ. ಹಿಂದಿನ ಆಕ್ಸಲ್ಲಿನ ಅನುಪಾತ ಹೊಂದಬೇಕಾದ್ದರಿಂದ ಅದನ್ನೂ ಬದಲಿಸಬೇಕು. ಒಂದನ್ನು ಕೊಂಡವರು ಹತ್ತನ್ನು ಕೊಳ್ಳುವ ದಾರಿ ಇದು.

ಹಣವಿದೆ, ಕೌಶಲವೂ ಇದೆ ಎನ್ನೋಣ. ಆಗ ಕಾನೂನು ಎದುರಾಗುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮು ಹೇಳುವುದು ಇಷ್ಟು: ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಒಡೆಯನು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಮಾರ್ಪಾಡು ಎಂದರೇನೆಂಬುದನ್ನೂ ಅದೇ ಕಲಮು ವಿವರಿಸುತ್ತದೆ. ವಾಹನದ ಮೂಲ ಲಕ್ಷಣವನ್ನೇ ಬದಲಿಸುವಂಥ ರಚನೆಯ ಬದಲಾವಣೆ ಮಾರ್ಪಾಡು. ಕೆಟ್ಟ ಆಕ್ಸಲ್ಲಿನ ಜಾಗದಲ್ಲಿ ಅದೇ ಮಾದರಿಯ, ಅದೇ ಅಳತೆಯ ಆಕ್ಸಲ್ಲನ್ನು ಕೂರಿಸುವುದು ದುರಸ್ತಿ. ಚಕ್ರದ ಗಾತ್ರ, ವಾಹನದ ಅಗಲ, ತೂಕ, ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಇವು ಬದಲಾಗುವಂತೆ ಟ್ರಕ್ಕಿನ ಆಕ್ಸಲ್ಲನ್ನು ಬೆಸೆಯುವುದನ್ನು ದುರಸ್ತಿ ಎನ್ನಲಾಗದು. ನೋಂದಣಿ ಪತ್ರದಲ್ಲಿ ಖಾಲಿ ವಾಹನದ ತೂಕ, ಚಕ್ರಗಳ ಅಂತರ ಇವೆಲ್ಲ ದಾಖಲಾಗಿರುತ್ತವೆ ಎಂಬುದನ್ನು ನೆನಪಿಡಬೇಕು.

ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿ 9ರಂದು ಈ ಕಲಮನ್ನು ಸ್ಪಷ್ಟಪಡಿಸಿತು. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು, ರಾಜ್ಯದ ನಿಯಮಗಳೂ ಕಾಯ್ದೆಯ ಈ ನಿಷೇಧವನ್ನು ಮೀರಲಾರವು ಎಂಬುದು ಅದರ ಸಾರ. ಅದೇ ವರ್ಷದ ತಿದ್ದುಪಡಿಯಿಂದ ಕಾಯ್ದೆಯ 182ಎ ಕಲಮು ಹೊಸ ರೂಪ ಪಡೆಯಿತು. ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಒಡೆಯನಿಗೆ 6 ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಲು ಅಲ್ಲಿ ಅವಕಾಶವಿದೆ. ಶಿಕ್ಷೆ ಒಡೆಯನಿಗೆ ಎಂಬುದನ್ನು ಗಮನಿಸಬೇಕು. ಬೆಸುಗೆ ಹಾಕಿದವರು ಬೇರೆ, ಆಸೆಪಟ್ಟವನು ಮಗ, ಆದರೆ ನೋಂದಣಿ ಪತ್ರದಲ್ಲಿ ಹೆಸರಿರುವುದು ತಂದೆಯದು. ಅಪಘಾತವಾದಾಗ ವಿಮಾ ಸಂಸ್ಥೆಯ ಪರಿಶೀಲಕರು ಮೊದಲು ನೋಡುವುದೂ ವಾಹನ ಪತ್ರದಲ್ಲಿರುವಂತೆಯೇ ಇದೆಯೇ ಎಂಬುದನ್ನು. ಸಂದೇಹವಿದ್ದಲ್ಲಿ ಕೆಲಸ ಆರಂಭಿಸುವ ಮೊದಲೇ ನೋಂದಣಿ ಪತ್ರ ಹಿಡಿದು ಸಾರಿಗೆ ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಎಲ್ಲಿಂದ ಬಂತು?

ಸರಿಯಾದ ಮಾದರಿಯ ಆಕ್ಸಲ್ ಸಿಕ್ಕಿತೆನ್ನೋಣ. ಅದು ಮಾರುವವರದೇ ಹೌದೇ? ವಾಹನದ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳು ನೋಂದಣಿ ಪತ್ರದಲ್ಲಿರುತ್ತವೆ. ಆಕ್ಸಲ್ಲಿಗೆ ಅಂಥ ನೋಂದಣಿಯಿಲ್ಲ. ಕದ್ದ ವಾಹನವನ್ನು ಇಡಿಯಾಗಿ ಮಾರುವುದು ಕಷ್ಟ, ಬಿಡಿಬಿಡಿಯಾಗಿ ಮಾರುವುದು ಸುಲಭ.

1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಮಿನ ಸಾಮಾನ್ಯ ತತ್ವದಂತೆ, ಮಾರಿದವನಿಗೆ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಪೂರ್ತಿ ಬೆಲೆ ತೆತ್ತಿದ್ದರೂ ಕದ್ದ ಮಾಲು ಮೂಲ ಒಡೆಯನದೇ. ಅದು ಕದ್ದದ್ದೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಶಿಕ್ಷೆಯಾಗಬಹುದು. 2024ರ ಜುಲೈ 1ಕ್ಕೆ ಮೊದಲು ಇದೇ ಅಪರಾಧ ದಂಡ ಸಂಹಿತೆಯ 411ನೇ ಕಲಮಿನಲ್ಲಿತ್ತು. "ನಂಬಲು ಕಾರಣ" ಎಂಬ ಮಾತು ಇಲ್ಲಿ ಮುಖ್ಯ. ಅಂಕಿಗಳನ್ನು ಉಜ್ಜಿ ಅಳಿಸಿದ ಹೊಳೆಯುವ ಜಾಗ, ಸಂತೆಯ ಬೆಲೆಗಿಂತ ತೀರ ಕಡಿಮೆ ಬೆಲೆ, ರಸೀದಿ ಕೊಡಲು ಹಿಂಜರಿಕೆ ಇವು ಮೂರೂ ಕೂಡಿದ ಕಡೆಯಿಂದ ಸುಮ್ಮನೆ ಎದ್ದು ಬರುವುದು ಲೇಸು.

ನೇರವಾಗಿ ವ್ಯಾಪಾರ ಮಾಡುವವರ ಬಳಿ ಕಾಗದವಿರುತ್ತದೆ. ಸರ್ಕಾರಿ ವಾಹನವಾದರೆ ಹರಾಜಿನ ಪತ್ರ, ಮಾಲು ಬಿಡುಗಡೆಯ ಆದೇಶ. ಖಾಸಗಿ ವಾಹನವಾದರೆ ಅದರ ನೋಂದಣಿ ರದ್ದಾದ ದಾಖಲೆ. ವಾಹನ ಚಲಾಯಿಸಲಾಗದಂತೆ ನಾಶವಾದಾಗ 14 ದಿನಗಳೊಳಗೆ ತಿಳಿಸಿ ನೋಂದಣಿ ರದ್ದುಗೊಳಿಸಬೇಕೆಂದು ಕಾಯ್ದೆಯ 55ನೇ ಕಲಮು ಒಡೆಯನಿಗೆ ವಿಧಿಸುತ್ತದೆ. 2021ರ ವಾಹನ ಗುಜರಿ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಗಳು ವಾಹನ ಪಡೆದದ್ದಕ್ಕೂ ಒಡೆದದ್ದಕ್ಕೂ ಪ್ರಮಾಣಪತ್ರ ಕೊಡುತ್ತವೆ. ಇವುಗಳ ಪ್ರತಿಯನ್ನು ಕೇಳುವುದು ಅವಮಾನವಲ್ಲ, ಕೊಳ್ಳುವವರ ಹಕ್ಕು.

ರಸೀದಿಯ ನಾಲ್ಕು ಸಾಲು

ಹೆಚ್ಚಿನ ರಸೀದಿಗಳಲ್ಲಿ "ಹಳೆ ಸಾಮಾನು" ಎಂಬ ಎರಡು ಪದಗಳಷ್ಟೇ ಇರುತ್ತವೆ. ಅಂಥ ರಸೀದಿ ಹಣ ಕೊಟ್ಟದ್ದಕ್ಕೆ ಸಾಕ್ಷಿ, ಏನು ಕೊಂಡದ್ದೆಂಬುದಕ್ಕೆ ಅಲ್ಲ. ಸರಕು ಮಾರಾಟ ಕಾಯ್ದೆಯ 15ನೇ ಕಲಮು ವಿವರಣೆಯ ಮೇಲೆ ಮಾರಿದ ವಸ್ತು ಆ ವಿವರಣೆಗೆ ಹೊಂದಲೇಬೇಕೆನ್ನುತ್ತದೆ. ವಿವರಣೆಯೇ ಬರಹದಲ್ಲಿ ಇಲ್ಲದಿದ್ದರೆ ಹೊಂದಿಸಿ ನೋಡುವುದು ಯಾವುದಕ್ಕೆ?

ಆದ್ದರಿಂದ ರಸೀದಿಯಲ್ಲಿ ನಾಲ್ಕು ಸಾಲು ಬರೆಸಬೇಕು. ಯಾವ ವಾಹನದ, ಯಾವ ಮಾದರಿಯ ಮುಂದಿನ ಆಕ್ಸಲ್. ಎರಕದ ಮತ್ತು ಕೊಳವೆಯ ಮೇಲಿನ ಸಂಖ್ಯೆಗಳು. ಹಲ್ಲುಗಳ ಲೆಕ್ಕ, ಉದಾಹರಣೆಗೆ 43ಕ್ಕೆ 8. ಮೂಲ ವಾಹನದ ನೋಂದಣಿ ಸಂಖ್ಯೆ ಅಥವಾ ಹರಾಜು ಪತ್ರದ ಸಂಖ್ಯೆ. ಕೆಳಗೆ ದಿನಾಂಕ, ಬೆಲೆ, ಅಂಗಡಿಯ ಮೊಹರು, ಸಹಿ. ಆಕ್ಸಲ್ಲಿನ ಮೇಲಿನ ಬರಹದ ಫೋಟೋವನ್ನೂ ಅಂದೇ ತೆಗೆದಿಟ್ಟುಕೊಳ್ಳಬೇಕು. ರಸೀದಿಯ ಭಾಷೆ ಕನ್ನಡವೇ ಆಗಲಿ ತೆಲುಗೇ ಆಗಲಿ, ವಿವರ ಮುಖ್ಯ. ಸರ್ಕಾರಿ ಹರಾಜಿನಲ್ಲಿ ಮಾತ್ರ ಮಾಲನ್ನು ಇರುವ ಜಾಗದಲ್ಲಿ, ಇರುವ ಸ್ಥಿತಿಯಲ್ಲಿ ಮಾರುವ ಷರತ್ತು ಸಾಮಾನ್ಯ. ಅಲ್ಲಿ ಆಮೇಲಿನ ದೂರಿಗೆ ಬಲ ಕಡಿಮೆ. ಬೆಲೆ ಕೂಗುವ ಮೊದಲೇ ನೋಡಿಕೊಳ್ಳಬೇಕು.

ಗಡಿಯ ಜನರಿಗೆ ಅನುಕೂಲವಾದ ಒಂದು ಅಂಶವನ್ನು ಇಲ್ಲಿ ಹೇಳಬೇಕು. ಗೌರಿಬಿದನೂರಿನಲ್ಲೋ ತುಮಕೂರಿನಲ್ಲೋ ಕೊಂಡ ವಸ್ತು ಹೇಳಿದಂತಿಲ್ಲದಿದ್ದರೆ ಅಲ್ಲಿಗೇ ಅಲೆಯಬೇಕೆಂದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮು, ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲಿಯೇ ದೂರು ಕೊಡಲು ಅವಕಾಶ ಮಾಡಿದೆ. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕಾಲಮಿತಿ 2 ವರ್ಷ. ಆದರೆ ಆಯೋಗದ ಮೇಜಿನ ಮೇಲೆ ಇಡಲು ಕೈಯಲ್ಲಿ ಆ ನಾಲ್ಕು ಸಾಲುಗಳಿರಬೇಕು.

ಕಲ್ಪನೆಯ ಕುಟುಂಬವನ್ನು ಗುಜರಿಯಲ್ಲೇ ಬಿಟ್ಟು ಬರುವುದು ಸರಿಯಲ್ಲ. ಆ ದಿನ ಅವರು ಯಾವ ಆಕ್ಸಲ್ಲನ್ನೂ ಕೊಳ್ಳಲಿಲ್ಲ ಎಂದುಕೊಳ್ಳೋಣ. ಅಂಗಡಿಯವರೂ ಕೋಪಿಸಿಕೊಳ್ಳಲಿಲ್ಲ. "27 ಬರುವುದು ಸಿಕ್ಕರೆ ಹೇಳಿಕಳಿಸುತ್ತೇನೆ" ಎಂದು ಹುಡುಗಿಯ ನೋಟುಪುಸ್ತಕದಿಂದ ಅಳತೆಗಳನ್ನು ತಮ್ಮ ಗೋಡೆಯ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡರು. ಮಗನ ಮುಖ ಸಪ್ಪೆಯಾಗಿತ್ತು. ಮನೆಗೆ ಬಂದವನು ಮುರಿದ ಹಳೆಯ ಆಕ್ಸಲ್ಲನ್ನು ಬಿಚ್ಚಿ ತೊಳೆದು ನೋಡಿದ. ಹೋಗಿದ್ದದ್ದು ಒಂದು ಬದಿಯ ಶಾಫ್ಟು ಮತ್ತು ಜಾಯಿಂಟು ಮಾತ್ರ. ಪೆಟ್ಟಿಗೆ, ಹಲ್ಲುಗಳು, ನಕಲ್ ಎಲ್ಲ ಗಟ್ಟಿಯಾಗಿಯೇ ಇದ್ದವು. ಕೊಳ್ಳಬೇಕಾದದ್ದು ಏನೆಂದು ತಿಳಿಯಲು ಮೊದಲು ಬಿಚ್ಚಿ ನೋಡಬೇಕಾಗಿದ್ದದ್ದು ತಮ್ಮ ಜೀಪನ್ನೇ.